ಸೀಮಿತ ಹಣದಲ್ಲಿ ಪರವಾನಗಿ ಬಂದೂಕು: ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರಿಗೊಂದು ಮಾರ್ಗದರ್ಶಿ

ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ, ಮತ್ತೆ ಕಬ್ಬು ಎದೆಯೆತ್ತರಕ್ಕೆ ಬಂದಾಗ, ಓದುಗರಿಂದ ಪ್ರತಿ ವರ್ಷವೂ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಖಾನಾಪುರದ ಕಡೆಯ ರೈತರು ಹಂದಿಯ ಕಾಟಕ್ಕೆ ಯಾವ ಬಂದೂಕು ಸಾಕೆಂದು ಕೇಳುತ್ತಾರೆ. ಜಮಖಂಡಿ, ಮುಧೋಳದ ಕಡೆಯವರು ಅಜ್ಜನ ಕಾಲದ ಜೋಡು ನಳಿಗೆಯನ್ನು ತಮ್ಮ ಹೆಸರಿಗೆ ಮಾಡಿಕೊಳ್ಳುವ ದಾರಿ ಕೇಳುತ್ತಾರೆ. ಇಂಡಿ, ಸಿಂದಗಿಯ ಕಡೆ ಊರಿಂದ ದೂರದ ತೋಟದ ಮನೆಯಲ್ಲಿರುವವರು ಆತ್ಮರಕ್ಷಣೆಗೆ ಎಷ್ಟು ಬಂದೂಕು ಬೇಕೆಂದು ಕೇಳುತ್ತಾರೆ. ಎಲ್ಲರೂ ಕೊನೆಗೆ ಹೇಳುವ ಮಾತು ಒಂದೇ: ಕೈಯಲ್ಲಿರುವ ಹಣ ಕಡಿಮೆ, ಅದರಲ್ಲೇ ಎಲ್ಲವೂ ಆಗಬೇಕು.

ಈ ಎಲ್ಲರಿಗೂ ನನ್ನ ಉತ್ತರ ಒಂದೇ. ಒಂದು ಕೆಲಸಕ್ಕೆ ತಕ್ಕ ಒಂದು ಬಂದೂಕು, ಅದಕ್ಕೆ ಸರಿಯಾದ ಕಾಗದ, ಅದನ್ನಿಡಲು ಉಕ್ಕಿನ ಪೆಟ್ಟಿಗೆ, ಈ ಮೂರೂ ಆಗುವವರೆಗೆ ಎರಡನೆಯದರ ಯೋಚನೆ ಬೇಡ. ಕಾಯ್ದೆಯೂ ಬಹಳ ದೂರ ಹೋಗಲು ಬಿಡುವುದಿಲ್ಲ. 1959ರ ಶಸ್ತ್ರಾಸ್ತ್ರ ಅಧಿನಿಯಮಕ್ಕೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಾಮಾನ್ಯ ಪರವಾನಗಿದಾರರು ಗರಿಷ್ಠ 2 ಬಂದೂಕು ಮಾತ್ರ ಹೊಂದಬಹುದು. ಮೊದಲು ಈ ಮಿತಿ 3 ಇತ್ತು. ವಂಶಪಾರಂಪರ್ಯವಾಗಿ ಬಂದ ಬಂದೂಕೂ ಈ ಎರಡರ ಲೆಕ್ಕದಲ್ಲೇ ಸೇರುತ್ತದೆ. ಆದ್ದರಿಂದ ನಮ್ಮ ದೇಶದಲ್ಲಿ ಬಂದೂಕು ಸಂಗ್ರಹವೆಂದರೆ ಎರಡು ಖಾಲಿ ಜಾಗಗಳಿರುವ ಒಂದು ಗೂಡು ಎಂದು ತಿಳಿಯಿರಿ. ಆ ಜಾಗವನ್ನು ಅವಸರದಲ್ಲಿ ತುಂಬಿದವರು ಮುಂದೆ ನಿಜವಾಗಿ ಬೇಕಾದದ್ದನ್ನು ಕೊಳ್ಳಲು ಒಂದನ್ನು ಮಾರಬೇಕಾಗುತ್ತದೆ. ಮಾರಾಟಕ್ಕೂ ಸಮಯ, ಕಾಗದ, ನಷ್ಟ ಎಲ್ಲವೂ ಇವೆ.

ಇನ್ನೊಂದು ಗೊಂದಲವನ್ನು ಮೊದಲೇ ಕಳೆಯುತ್ತೇನೆ. ಕೊಡಗಿನಲ್ಲಿ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದಂತೆ, ನಮಗೇಕೆ ಇಲ್ಲ ಎಂದು ಹಲವರು ಕೇಳಿದ್ದಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ, ಅಂದರೆ ವಂಶಪಾರಂಪರ್ಯ ಜಮೀನಿನ, ಹಿಡುವಳಿದಾರರಿಗೆ ಮಾತ್ರ ಅನ್ವಯಿಸುತ್ತದೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಬಾಯಿಂದ ಮದ್ದು ತುಂಬಿ ಹಾರಿಸುವ ಕೇಪಿನ ಹಳೆಯ ಬಂದೂಕಿಗೂ ಪರವಾನಗಿ ಬೇಕು. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆಯ ವಿರುದ್ಧ ಸಿಡಿದೆದ್ದ ನೆಲ ಇದು. ಆಯುಧದ ಮೇಲಿನ ಅಭಿಮಾನ ಇಲ್ಲಿಯವರಿಗೆ ಸಹಜ. ಆದರೆ ಇಂದು ಪರವಾನಗಿ ಇಲ್ಲದ ಬಂದೂಕು ಮನೆಯಲ್ಲಿ ಸಿಕ್ಕರೆ ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಸೆರೆವಾಸ ಮತ್ತು ದಂಡ ಇದೆ ಎಂಬುದನ್ನು ಆ ಅಭಿಮಾನದ ಜೊತೆಗೇ ನೆನಪಿಡಬೇಕು.

ಹಂತ 1: ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಅರ್ಜಿ ನಮೂನೆ ತೆರೆಯುವ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಅಗತ್ಯವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದು ಬೆಳೆ ರಕ್ಷಣೆಯೋ, ಆತ್ಮರಕ್ಷಣೆಯೋ, ಗುರಿ ಹೊಡೆಯುವ ಕ್ರೀಡೆಯೋ, ಹಿರಿಯರ ಬಂದೂಕನ್ನು ಉಳಿಸಿಕೊಳ್ಳುವುದೋ? ಎರಡು ಉದ್ದೇಶ ಬರೆದಿದ್ದರೆ ಯಾವುದು ಇಲ್ಲದಿದ್ದರೂ ನಡೆಯುತ್ತದೆ ಎಂದು ಯೋಚಿಸಿ, ಅದನ್ನು ಹೊಡೆದುಹಾಕಿ. ಅರ್ಜಿಯಲ್ಲಿ ಬರೆದ ಕಾರಣ, ಠಾಣೆಯ ವಿಚಾರಣೆಯಲ್ಲಿ ನೀವು ಹೇಳುವ ಮಾತು, ಕೊನೆಗೆ ಆರಿಸುವ ಬಂದೂಕು, ಈ ಮೂರೂ ಒಂದಕ್ಕೊಂದು ಹೊಂದಬೇಕು. ಬೆಳೆ ರಕ್ಷಣೆ ಎಂದು ಬರೆದು ರಿವಾಲ್ವರ್ ಕೇಳಿದರೆ ಅರ್ಜಿ ತಿರಸ್ಕೃತವಾಗುವುದಕ್ಕೆ ಯಾರನ್ನೂ ದೂರಲಾಗದು.

ಕ್ರೀಡೆಯೇ ಉದ್ದೇಶವಾದರೆ ನಿಮ್ಮ ಖರ್ಚು ಬಹಳ ಇಳಿಯುತ್ತದೆ. 0.177 ಇಂಚು, ಅಂದರೆ 4.5 ಮಿಲಿಮೀಟರ್ ವ್ಯಾಸವನ್ನೂ 20 ಜೂಲ್ ಶಕ್ತಿಯನ್ನೂ ಮೀರದ ಏರ್ ರೈಫಲ್‌ಗೆ ಬಂದೂಕು ಪರವಾನಗಿ ಬೇಕಿಲ್ಲ. 10 ಮೀಟರ್ ಏರ್ ರೈಫಲ್ ಒಲಿಂಪಿಕ್ ಸ್ಪರ್ಧೆಯೂ ಹೌದು. ಉಸಿರು ಹಿಡಿಯುವುದು, ಕುದುರೆಯನ್ನು, ಅಂದರೆ ಟ್ರಿಗರನ್ನು, ಮೆಲ್ಲಗೆ ಒತ್ತುವುದು, ಗುರಿ ಕಾಣುವುದು ಇವೆಲ್ಲವನ್ನೂ ಇದರಲ್ಲೇ ಕಲಿಯಬಹುದು. ಆತ್ಮರಕ್ಷಣೆಗೆ ಅರ್ಜಿ ಹಾಕಿ ಕಾಯುತ್ತಿರುವವರಿಗೂ ನನ್ನ ಸಲಹೆ ಇದೇ: ಕಾಯುವ ತಿಂಗಳುಗಳಲ್ಲಿ ಏರ್ ರೈಫಲ್‌ನಿಂದ ಕೈ ಪಳಗಿಸಿಕೊಳ್ಳಿ. ಆದರೆ ಪರವಾನಗಿ ಬೇಡವೆಂದ ಮಾತ್ರಕ್ಕೆ ಹಕ್ಕಿ, ಮೊಲಗಳ ಮೇಲೆ ಅದನ್ನು ಪ್ರಯೋಗಿಸುವಂತಿಲ್ಲ. ಅದು ವನ್ಯಜೀವಿ ಕಾಯ್ದೆಯ ಅಪರಾಧ.

ಹಂತ 2: ಬೆಳೆ ರಕ್ಷಣೆಗಾದರೆ ಕಾಡಿನ ಕಾಯ್ದೆಯನ್ನು ಮೊದಲು ಓದಿ

ಹೆಚ್ಚಿನವರು ಎಡವುವುದು ಇಲ್ಲಿ. ಬಂದೂಕಿನ ಪರವಾನಗಿ ಎಂದರೆ ಪ್ರಾಣಿಯನ್ನು ಕೊಲ್ಲುವ ಪರವಾನಗಿ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ. ಅದು ಬೆಳೆಗೆ ಅಪಾಯಕಾರಿಯಾಗಿದೆ ಎಂದು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಲಿಖಿತ ಆದೇಶ ಕೊಟ್ಟರೆ ಮಾತ್ರ ಹೊಡೆಯಬಹುದು. ನವಿಲು, ಚಿಗರಿ ಅಂದರೆ ಕೃಷ್ಣಮೃಗ, ಚಿಂಕಾರ ಇವೆಲ್ಲ ಮೊದಲನೇ ಅನುಸೂಚಿಯ ಪ್ರಾಣಿಗಳು. ಇವು ಎಷ್ಟೇ ಶೇಂಗಾ, ಕಡಲೆ ತಿಂದರೂ ಇವುಗಳತ್ತ ನಳಿಗೆ ತಿರುಗಿಸುವ ಮಾತೇ ಇಲ್ಲ. ಪರವಾನಗಿಯ ಬಂದೂಕಿನಿಂದ ಆಕಾಶಕ್ಕೆ ಗುಂಡು ಹಾರಿಸಿ ಹೆದರಿಸಬಹುದಲ್ಲ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಆ ಕೆಲಸವನ್ನು ಡಬ್ಬಿ, ತಮಟೆ, ಬೆಳಕು ಇನ್ನೂ ಅಗ್ಗವಾಗಿ ಮಾಡುತ್ತವೆ.

ಎರಡನೆಯದು ದೂರದ ಲೆಕ್ಕ. ವನ್ಯಜೀವಿ ಧಾಮದಿಂದ 10 ಕಿಲೋಮೀಟರ್ ಒಳಗಿನ ಊರುಗಳಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಇಲ್ಲದೆ ಹೊಸ ಬಂದೂಕು ಪರವಾನಗಿ ಕೊಡುವಂತಿಲ್ಲ ಎಂದು ಅದೇ ಕಾಯ್ದೆಯ 34ನೇ ಕಲಂ ಹೇಳುತ್ತದೆ. ಖಾನಾಪುರ ತಾಲ್ಲೂಕಿನ ಭೀಮಗಡ, ಗೋಕಾಕ ತಾಲ್ಲೂಕಿನ ಘಟಪ್ರಭಾ ಪಕ್ಷಿಧಾಮ, ಬೀಳಗಿ ಮತ್ತು ಮುಧೋಳ ಸೀಮೆಯ ಯಡಹಳ್ಳಿ ಚಿಂಕಾರ ಧಾಮ, ಇವುಗಳ ಸುತ್ತಮುತ್ತ ನಿಮ್ಮ ಹೊಲವಿದ್ದರೆ ಅರ್ಜಿಗೆ ಮೊದಲು ವಲಯ ಅರಣ್ಯ ಅಧಿಕಾರಿಯ ಕಚೇರಿಯಲ್ಲಿ ದೂರವನ್ನು ಖಚಿತಪಡಿಸಿಕೊಳ್ಳಿ. ಇದನ್ನು ತಿಳಿಯದೆ ಅರ್ಜಿ ಹಾಕಿದವರು ತಿಂಗಳುಗಟ್ಟಲೆ ಕಾದು, ಕಡತ ಅರಣ್ಯ ಇಲಾಖೆಗೆ ಹೋಗಿದೆ ಎಂಬ ಉತ್ತರ ಕೇಳಿದ್ದುಂಟು.

ಹಂದಿಗೆಂದು ಸಿಡಿಮದ್ದಿನ ಉಂಡೆ ಇಡುವುದು, ಬೇಲಿಗೆ ನೇರ ವಿದ್ಯುತ್ ಹರಿಸುವುದು ಕಾನೂನುಬಾಹಿರ. ಇವುಗಳಿಂದ ಹೋಗುವ ಜೀವ ನೆರೆಹೊರೆಯವರ ಎಮ್ಮೆಯದೋ ಮಗುವಿನದೋ ಆಗಬಹುದು.

ಹಂತ 3: ಮನೆಯಲ್ಲಿ ಹಿರಿಯರ ಬಂದೂಕಿದ್ದರೆ ಅಲ್ಲಿಂದಲೇ ಆರಂಭಿಸಿ

ಕಡಿಮೆ ಹಣದವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ, ಏಕೆಂದರೆ ಬಂದೂಕಿನ ಬೆಲೆಯೇ ಉಳಿಯುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಂತೆ ಪರವಾನಗಿದಾರರು ತೀರಿಕೊಂಡ ನಂತರ, ಇಲ್ಲವೇ ಅವರಿಗೆ 70 ವರ್ಷ ತುಂಬಿದಾಗ ಅಥವಾ ಬಂದೂಕನ್ನು 25 ವರ್ಷ ಹೊಂದಿದ ಮೇಲೆ, ಇವುಗಳಲ್ಲಿ ಯಾವುದು ಮೊದಲೋ ಆಗ, ಕಾನೂನುಬದ್ಧ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೇಳಬಹುದು. ಹಾಗಾಗಿ ಅಜ್ಜ, ಅಪ್ಪ ಬದುಕಿರುವಾಗಲೇ ಈ ಕೆಲಸ ಮುಗಿಸಿಕೊಳ್ಳುವುದು ಜಾಣತನ. ಅವರ ಸಹಿ ಸಿಗುತ್ತದೆ, ಬಂದೂಕಿನ ಪೂರ್ವೇತಿಹಾಸ ಅವರ ಬಾಯಿಂದಲೇ ತಿಳಿಯುತ್ತದೆ, ಅಣ್ಣತಮ್ಮಂದಿರ ನಡುವೆ ಮುಂದೆ ತಕರಾರು ಹುಟ್ಟುವುದಿಲ್ಲ.

ಹಿರಿಯರು ತೀರಿಕೊಂಡಿದ್ದರೆ ಮೊದಲ ಕೆಲಸ ಬಂದೂಕನ್ನು ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಬಂದೂಕು ಅಂಗಡಿಯಲ್ಲಿ ಠೇವಣಿ ಇಡುವುದು. ದಿನಕರ್ಮ ಮುಗಿಯಲಿ, ವಾರಸಾ ಆಗಲಿ, ಆಮೇಲೆ ನೋಡೋಣ ಎಂದು ಅಟ್ಟದ ಮೇಲೆ ಇಟ್ಟರೆ ಅಷ್ಟೂ ದಿನ ನೀವು ಪರವಾನಗಿ ಇಲ್ಲದ ಬಂದೂಕು ಹೊಂದಿದಂತೆ ಆಗುತ್ತದೆ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಅನಗತ್ಯ ವಿಳಂಬವಿಲ್ಲದೆ ಒಪ್ಪಿಸಲು ಹೇಳುತ್ತದೆ. ಠೇವಣಿ ಇಟ್ಟರೆ ಬಂದೂಕು ಕೈಬಿಟ್ಟು ಹೋಗುತ್ತದೆಂಬ ಭಯ ಬೇಡ. ನಿಗದಿತ ಅವಧಿಯೊಳಗೆ ನಿಮಗೆ ಪರವಾನಗಿ ಸಿಕ್ಕರೆ ಅದನ್ನು ಮರಳಿ ಪಡೆಯುವ, ಸಿಗದಿದ್ದರೆ ಅರ್ಹರಿಗೆ ಮಾರುವ ಹಕ್ಕು ನಿಮ್ಮದೇ. ಆದರೆ ರಸೀದಿಯಲ್ಲಿ ಬಂದೂಕಿನ ತಯಾರಕರು, ಕ್ರಮಾಂಕ, ತೋಟೆಗಳ ಸಂಖ್ಯೆ, ಮರದ ಭಾಗದ ಸ್ಥಿತಿ ಎಲ್ಲವೂ ಬರುವಂತೆ ನೋಡಿಕೊಳ್ಳಿ, ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಠಾಣೆಗೆ ಒಯ್ಯುವ ಅವಸರದಲ್ಲಿ ಹಳೆಯ ಕೇಪಿನ ಬಂದೂಕನ್ನು ಖಾಲಿ ಎಂದು ತಿಳಿದು ಕೈಗೆತ್ತಿಕೊಳ್ಳಬೇಡಿ. ಅದರೊಳಗೆ ಹತ್ತಾರು ವರ್ಷಗಳ ಹಿಂದೆ ತುಂಬಿದ ಮದ್ದು ಹಾಗೇ ಇರಬಹುದು, ಹಳೆಯ ಕರಿಮದ್ದು ಒಣಗಿದ್ದರೆ ಇಂದಿಗೂ ಸಿಡಿಯುತ್ತದೆ. ಅನುಮಾನ ಬಂದರೆ ಬಂದೂಕನ್ನು ಇದ್ದಲ್ಲೇ ಬಿಟ್ಟು ಠಾಣೆಗೆ ತಿಳಿಸಿ. ಅವರ ಆಯುಧ ದುರಸ್ತಿಗಾರರು ಅಥವಾ ಪರವಾನಗಿ ಪಡೆದ ರಿಪೇರಿಯವರು ಅದನ್ನು ಖಾಲಿ ಮಾಡಲಿ.

ವಾರಸುದಾರರ ಅರ್ಜಿಗೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಮೂಲ ಪರವಾನಗಿ ಪುಸ್ತಕ ಮತ್ತು ಉಳಿದ ವಾರಸುದಾರರ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕಾಗುತ್ತವೆ. ಮದುವೆಯಾಗಿ ಕೊಲ್ಲಾಪುರಕ್ಕೋ ಸಾಂಗಲಿಗೋ ಹೋದ ಅಕ್ಕತಂಗಿಯರ ಪತ್ರವೂ ಬೇಕು. ಇದನ್ನು ಮರೆತ ಕಡತಗಳೇ ಹೆಚ್ಚು ತಿರುಗಿ ಬರುತ್ತವೆ.

ಹಿರಿಯರ ಬಂದೂಕು 0.303 ರೈಫಲ್ ಆಗಿದ್ದರೆ ಮಾತು ಬೇರೆ. ಕಾಯ್ದೆ ಬಂದೂಕುಗಳನ್ನು ನಿಷೇಧಿತ ಬೋರ್ ಮತ್ತು ನಿಷೇಧಿತವಲ್ಲದ ಬೋರ್ ಎಂದು ವಿಂಗಡಿಸುತ್ತದೆ. ಬೋರ್ ಎಂದರೆ ನಳಿಗೆಯ ಒಳವ್ಯಾಸ. ಸೇನೆ, ಪೊಲೀಸರ ಬಳಕೆಯ 0.303 ರೈಫಲ್, 9 ಮಿಲಿಮೀಟರ್ ಪಿಸ್ತೂಲು ಮುಂತಾದವು ನಿಷೇಧಿತ ವರ್ಗದವು, ಇವುಗಳ ನಿರ್ಧಾರ ಕೇಂದ್ರ ಸರ್ಕಾರದ್ದು. ಕೆಟ್ಟು ನಿಂತ, ರಿಪೇರಿ ಮಾಡಿದರೂ ಹಾರಿಸಲಾಗದ ಪುರಾತನ ಆಯುಧಕ್ಕೆ 45ನೇ ಕಲಮಿನಲ್ಲಿ ವಿನಾಯಿತಿ ಇದೆ ನಿಜ, ಆದರೆ ಅದು ನಿಜಕ್ಕೂ ಹಾರುವುದಿಲ್ಲವೆಂದು ನೀವೇ ತೀರ್ಮಾನಿಸಿ ಗೋಡೆಗೆ ನೇತು ಹಾಕಬೇಡಿ, ಲಿಖಿತವಾಗಿ ಕೇಳಿ ಪಡೆಯಿರಿ.

ಹಂತ 4: ಅರ್ಜಿ

ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಮತ್ತು ಬೆಳಗಾವಿಯ ಗ್ರಾಮೀಣ ಭಾಗದಲ್ಲಿ ಪರವಾನಗಿ ಕೊಡುವವರು ಜಿಲ್ಲಾ ದಂಡಾಧಿಕಾರಿಯಾದ ಜಿಲ್ಲಾಧಿಕಾರಿಗಳು. ಪೊಲೀಸ್ ಆಯುಕ್ತರಿರುವ ಪ್ರದೇಶದಲ್ಲಿ ಆ ಅಧಿಕಾರ ಆಯುಕ್ತರದು ಎಂದು ಕಾಯ್ದೆ ಹೇಳುವುದರಿಂದ ಬೆಳಗಾವಿ ನಗರದವರು ಆಯುಕ್ತಾಲಯದಲ್ಲಿ ವಿಚಾರಿಸಬೇಕು. ವಯಸ್ಸು 21 ತುಂಬಿರಬೇಕು. ಅರ್ಜಿಯ ನಮೂನೆ ಎ-1. ಗುರುತು ಮತ್ತು ವಿಳಾಸದ ದಾಖಲೆ, ಭಾವಚಿತ್ರ, ದೈಹಿಕ ಮತ್ತು ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಬಂದೂಕನ್ನು ಭದ್ರವಾಗಿ ಇಡುವ ಬಗ್ಗೆ ಮುಚ್ಚಳಿಕೆ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಬೆಳೆ ರಕ್ಷಣೆಗಾದರೆ ಹೊಲದ ಉತಾರ, ಇಷ್ಟನ್ನು ಒಂದೇ ಕಡತದಲ್ಲಿ ಸಿದ್ಧವಿಟ್ಟುಕೊಳ್ಳಿ. ಬೆಳೆ ಹಾನಿಯ ಬಗ್ಗೆ ಅರಣ್ಯ ಇಲಾಖೆಗೆ ಮೊದಲೇ ಕೊಟ್ಟ ದೂರುಗಳ ಪ್ರತಿಗಳಿದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ. ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರವನ್ನು ತಪ್ಪಿಸಿಕೊಳ್ಳಬೇಡಿ. ಬಂದೂಕನ್ನು ಮೊದಲ ಬಾರಿ ಹಿಡಿಯುವವರಿಗೆ ಕಡಿಮೆ ಖರ್ಚಿನಲ್ಲಿ ಇಷ್ಟು ಒಳ್ಳೆಯ ಪಾಠ ಬೇರೆಡೆ ಸಿಗುವುದು ಕಷ್ಟ.

ಹೊಲ ಚಿಕ್ಕದು, ಆಸ್ತಿ ಇಲ್ಲ, ನಮಗೆ ಯಾರು ಕೊಡುತ್ತಾರೆ ಎಂದು ಹಿಂಜರಿಯುವವರು 14ನೇ ಕಲಂ ಓದಬೇಕು. ಅರ್ಜಿದಾರರಿಗೆ ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸುವಂತಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. 13ನೇ ಕಲಂ ಇನ್ನೂ ನೆರವಾಗುತ್ತದೆ. ನೈಜ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಬಂದೂಕಿಗೂ, ರಕ್ಷಣೆ ಅಥವಾ ಕ್ರೀಡೆಗೆ 20 ಇಂಚಿಗಿಂತ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕಿಗೂ ಅದು ಪಿಸ್ತೂಲು, ರೈಫಲ್‌ಗಳಿಗಿಂತ ಸುಲಭ ದಾರಿ ಕೊಟ್ಟಿದೆ. ಬಾಯಿಂದ ತುಂಬುವ ಬಂದೂಕು ಬೆಳೆ ರಕ್ಷಣೆಗೆ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟೆ ಹಾಕುವ ನುಣುಪು ನಳಿಗೆಗೂ ಅನುಮತಿ ಕೊಡಬಹುದು. ನುಣುಪು ನಳಿಗೆ ಎಂದರೆ ಒಳಗೆ ಸುರುಳಿ ಗೆರೆಗಳಿಲ್ಲದ್ದು. ಗೆರೆಗಳಿದ್ದರೆ ಅದು ರೈಫಲ್.

ಅರ್ಜಿ ನಿರಾಕರಣೆಯಾದರೆ ಕಾರಣವನ್ನು ಲಿಖಿತವಾಗಿ ಕೇಳಿ. 18ನೇ ಕಲಮಿನಂತೆ ಮೇಲ್ಮನವಿಯ ಹಕ್ಕಿದೆ. ಆದೇಶ ಕೈಸೇರಿದ ತಿಂಗಳೊಳಗೇ ಸಲ್ಲಿಸಿ. ಮಧ್ಯವರ್ತಿಗಳಿಗೆ ಹಣ ಕೊಡಬೇಡಿ. ನಮ್ಮ ಕಡೆಯ ಒಬ್ಬ ಓದುಗರು ಹೀಗೆ ಹಣ ಕೊಟ್ಟು ಪಡೆದ ಪುಸ್ತಕದಲ್ಲಿ ಯುಐಎನ್ ಇರಲೇ ಇಲ್ಲ. ಯುಐಎನ್ ಎಂದರೆ ರಾಷ್ಟ್ರೀಯ ದತ್ತಾಂಶದಲ್ಲಿ ನಿಮ್ಮ ಪರವಾನಗಿಗೆ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ; ಅದಿಲ್ಲದ ಪರವಾನಗಿಗೆ ಬೆಲೆಯಿಲ್ಲ. ಹಳೆಯ ಪುಸ್ತಕ ಇರುವವರೂ ಇದನ್ನು ಇಂದೇ ತೆರೆದು ನೋಡಿಕೊಳ್ಳಿ.

ಹಂತ 5: ಯಾವ ಬಂದೂಕು?

ನನ್ನ ಆಯ್ಕೆ ಸ್ಪಷ್ಟ. ನಮ್ಮ ಸೀಮೆಯ ರೈತರಿಗೂ ತೋಟದ ಮನೆಯವರಿಗೂ ಮೊದಲ ಬಂದೂಕು 12 ಬೋರ್ ಆಗಿರಬೇಕು. ಒಂದು ಪೌಂಡ್ ಸೀಸವನ್ನು ಸಮವಾದ 12 ಗುಂಡುಗಳಾಗಿ ಮಾಡಿದರೆ ಒಂದೊಂದು ಗುಂಡಿಗಿರುವ ವ್ಯಾಸವೇ ಇದರ ನಳಿಗೆಯ ವ್ಯಾಸ, ಸುಮಾರು 18.5 ಮಿಲಿಮೀಟರ್. ಇದೇ ಲೆಕ್ಕದಿಂದ 20 ಬೋರ್ 12 ಬೋರ್‌ಗಿಂತ ಚಿಕ್ಕದು. 12 ಬೋರ್ ತೋಟೆ ದೇಶದಲ್ಲೇ ತಯಾರಾಗುತ್ತದೆ, ಬಿಡಿಭಾಗ ಮತ್ತು ರಿಪೇರಿ ತಿಳಿದವರು ಸಿಗುತ್ತಾರೆ, ಹಳೆಯ ಬಂದೂಕುಗಳು ಮಾರುಕಟ್ಟೆಯಲ್ಲಿ ಹೇರಳ.

ಒಂಟಿ ನಳಿಗೆ ಅತ್ಯಂತ ಅಗ್ಗ, ಹಗುರ, ಕೆಡುವ ಭಾಗಗಳು ಕಡಿಮೆ. ಜೋಡು ನಳಿಗೆಯಲ್ಲಿ ಎರಡನೇ ಹೊಡೆತ ತಕ್ಷಣ ಸಿಗುತ್ತದೆ, ಎರಡು ನಳಿಗೆಗಳ ಬಾಯಿ ಬಿಗಿತ ಬೇರೆ ಬೇರೆ ಇರುತ್ತದೆ. ಈ ಬಿಗಿತವನ್ನು ಚೋಕ್ ಎನ್ನುತ್ತಾರೆ. ಬಿಗಿ ಹೆಚ್ಚಿದ್ದರೆ ಚರೆ, ಅಂದರೆ ತೋಟೆಯೊಳಗಿನ ಸಣ್ಣ ಗುಂಡುಗಳು, ಹೆಚ್ಚು ದೂರದವರೆಗೆ ಒಟ್ಟಾಗಿ ಹೋಗುತ್ತದೆ. ಹಣ ಸ್ವಲ್ಪವಾದರೂ ಇದ್ದರೆ ಜೋಡು ನಳಿಗೆಯ ಕಡೆಗೇ ನನ್ನ ಒಲವು. ಪಂಪ್ ಬಂದೂಕು ಹೆಚ್ಚು ತೋಟೆ ಹಿಡಿಯುತ್ತದೆ, ಆದರೆ ತಿಂಗಳಿಗೊಮ್ಮೆಯೂ ಅಭ್ಯಾಸ ಮಾಡದವರ ಕೈಯಲ್ಲಿ ಅದು ಖಾಲಿಯೋ ತುಂಬಿದೆಯೋ ಎಂಬುದೇ ತಿಳಿಯದೆ ಅಪಾಯ ಹೆಚ್ಚುತ್ತದೆ. ಜೋಡು ನಳಿಗೆಯನ್ನು ಮುರಿದು, ಅಂದರೆ ಕೀಲಿನಲ್ಲಿ ಬಗ್ಗಿಸಿ ತೆರೆದು, ಹಿಡಿದರೆ ಎದುರಿಗಿರುವ ಮಗುವಿಗೂ ಅದು ಖಾಲಿ ಎಂದು ಕಾಣುತ್ತದೆ.

0.315 ರೈಫಲ್ ಬಗ್ಗೆ ಬಹಳ ಜನ ಕೇಳುತ್ತಾರೆ. ಡೋಣಿ ಹೊಳೆಯ ಬಯಲಿನಂಥ ಸಪಾಟು ನೆಲದಲ್ಲಿ, ಎತ್ತ ನೋಡಿದರೂ ಯಾರದೋ ಹೊಲವಿರುವಲ್ಲಿ, ರೈಫಲ್ ಗುಂಡು ಗುರಿ ತಪ್ಪಿದರೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. 12 ಬೋರ್ ಚರೆಯ ಉಪಯುಕ್ತ ದೂರ ಸುಮಾರು 35ರಿಂದ 40 ಮೀಟರ್. ಈ ಮಿತಿಯೇ ನಿಮ್ಮನ್ನೂ ನೆರೆಯವರನ್ನೂ ಕಾಯುತ್ತದೆ. 0.32 ರಿವಾಲ್ವರ್ ಚಿಕ್ಕದೆಂದು ಸುಲಭವೆನಿಸಿದರೂ ಅದಕ್ಕೆ ಕೊಡುವ ಹಣದಲ್ಲಿ ಹಳೆಯ ಜೋಡು ನಳಿಗೆ, ಪೆಟ್ಟಿಗೆ, ತೋಟೆ ಎಲ್ಲವೂ ಬರುತ್ತವೆ; ಅಭ್ಯಾಸವಿಲ್ಲದವರು ಅದರಿಂದ ಹತ್ತು ಮೀಟರ್ ದೂರಕ್ಕೂ ಗುರಿ ಹೊಡೆಯಲಾರರು.

ನಾಡ ಪಿಸ್ತೂಲು ಅಗ್ಗವಾಗಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಅದು ಅಪರಾಧ, ಮೇಲಾಗಿ ಅದರ ನಳಿಗೆ ಹಾರಿಸಿದವರ ಕೈಯಲ್ಲೇ ಒಡೆಯಬಹುದು.

ಹಂತ 6: ಹಳೆಯ ಬಂದೂಕನ್ನು ಪರೀಕ್ಷಿಸಿ ಕೊಳ್ಳುವುದು

ಪರವಾನಗಿ ಕೈಗೆ ಬಂದ ಮೇಲಷ್ಟೇ ವ್ಯಾಪಾರಕ್ಕೆ ಇಳಿಯಿರಿ, ಮುಂಗಡವನ್ನೂ ಮೊದಲು ಕೊಡಬೇಡಿ. ಕೊಳ್ಳಲು ಕೊಟ್ಟ ಅವಧಿಯನ್ನು ಪರವಾನಗಿಯಲ್ಲಿ ನೋಡಿಕೊಳ್ಳಿ. ಖಾಸಗಿಯವರಿಂದ ಕೊಳ್ಳುವುದಾದರೆ ಮಾರುವವರು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ನಿಮ್ಮ ಹೆಸರು, ವಿಳಾಸದೊಂದಿಗೆ ಲಿಖಿತವಾಗಿ ತಿಳಿಸಿ 45 ದಿನ ಕಳೆದಿರಬೇಕು. ಕೊಲ್ಲಾಪುರ, ಸೊಲ್ಲಾಪುರ ಅಥವಾ ಗೋವಾದಿಂದ ತರುವವರು ತಮ್ಮ ಪರವಾನಗಿಯ ವ್ಯಾಪ್ತಿ ರಾಜ್ಯದ ಗಡಿಯಾಚೆಗೂ ಇದೆಯೇ ಎಂದು ಮೊದಲು ನೋಡಬೇಕು. ನಿಪ್ಪಾಣಿ ದಾಟಿದ ಮೇಲೆ ಈ ಪ್ರಶ್ನೆ ಏಳುವುದು ಒಳ್ಳೆಯದಲ್ಲ.

ಪರೀಕ್ಷೆಗೆ ಹಗಲು ಬೆಳಕಿನಲ್ಲಿ ಹೋಗಿ, ಅವಸರ ಪಡಬೇಡಿ. ಬಂದೂಕು ಕೈಗೆ ಬಂದೊಡನೆ ಮುರಿದು, ಖಾಲಿ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಿ. ನಂತರ ನಳಿಗೆಯ ಕ್ರಮಾಂಕವನ್ನು ಪರವಾನಗಿಯ ಕ್ರಮಾಂಕದೊಂದಿಗೆ ಅಕ್ಷರಕ್ಕಕ್ಷರ ಹೋಲಿಸಿ. ಅರೆದು ತಿದ್ದಿದಂತೆ ಕಂಡರೆ ಎದ್ದು ಬನ್ನಿ. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದಾಗ ಬೆಳಕಿನ ಉಂಗುರಗಳು ದುಂಡಾಗಿ ಕಾಣಬೇಕು. ಎಲ್ಲಿಯಾದರೂ ಉಂಗುರ ಸೊಟ್ಟಗಾಗಿದ್ದರೆ ಅಲ್ಲಿ ತಗ್ಗಿದೆ, ಉಬ್ಬಿದ್ದರೆ ಹಿಂದೆಂದೋ ಏನೋ ಸಿಕ್ಕಿಕೊಂಡಾಗ ಹಾರಿಸಿದ್ದಾರೆ. ನಳಿಗೆಯನ್ನು ಬಿಚ್ಚಿ ಕೊಕ್ಕೆಯಲ್ಲಿ ತೂಗುಹಾಕಿ ಬೆರಳ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ಗುಂಯ್‌ಗುಡಬೇಕು, ಒಡಕು ದನಿ ಬಂದರೆ ಎರಡು ನಳಿಗೆಗಳ ನಡುವಿನ ಬೆಸುಗೆ ಸಡಿಲವಾಗಿದೆ. ಮುಂಗೈ ಹಿಡಿಯುವ ಮರವನ್ನು ತೆಗೆದು ಬಂದೂಕನ್ನು ಅಲುಗಿಸಿದಾಗ ನಳಿಗೆ ಮತ್ತು ಹಿಂಭಾಗದ ನಡುವೆ ಕುಲುಕು ಇರಬಾರದು. ಇವಿಷ್ಟರಲ್ಲಿ ಬೆಸುಗೆ ಮತ್ತು ಕುಲುಕಿನ ರಿಪೇರಿಯೇ ದುಬಾರಿ, ಹಿಡಿಕೆಯ ಮರದ ಬಿರುಕು ಅಷ್ಟು ದೊಡ್ಡದಲ್ಲ.

ಈಗ ಅತಿ ಮುಖ್ಯವಾದದ್ದು. ಹಳೆಯ ಬಂದೂಕುಗಳಲ್ಲಿ ತೋಟೆ ಕೂರುವ ಗೂಡಿನ ಉದ್ದ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್ ಇರುತ್ತದೆ. ಇಂದಿನ ಹಲವು ತೋಟೆಗಳು 70 ಮಿಲಿಮೀಟರ್‌ನವು. ಉದ್ದದ ತೋಟೆ ಚಿಕ್ಕ ಗೂಡಿನಲ್ಲಿ ಸುಲಭವಾಗಿ ಕೂರುತ್ತದೆ, ಏಕೆಂದರೆ ಹಾರಿಸುವ ಮೊದಲು ಅದರ ಬಾಯಿ ಮಡಿಚಿರುತ್ತದೆ. ಹಾರಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರಿ ನಳಿಗೆ ಒಡೆಯಬಹುದು. ಕೂತಿತು ಎಂದ ಮಾತ್ರಕ್ಕೆ ಹೊಂದಿತು ಎಂದಲ್ಲ. ನಳಿಗೆಯ ಕೆಳಭಾಗದಲ್ಲಿ ಗೂಡಿನ ಉದ್ದದ ಮುದ್ರೆ ಹುಡುಕಿ, ಇಲ್ಲದಿದ್ದರೆ ರಿಪೇರಿಯವರಿಂದ ಅಳತೆ ಮಾಡಿಸಿ. ನಳಿಗೆಯ ಮೈಮೇಲೆ ಹಾವಿನ ಪೊರೆಯಂಥ ಸುರುಳಿ ವಿನ್ಯಾಸ ಕಂಡರೆ ಅದು ಕಬ್ಬಿಣದ ಪಟ್ಟಿಗಳನ್ನು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ. ಅವುಗಳಲ್ಲಿ ಹೆಚ್ಚಿನವು ಕರಿಮದ್ದಿಗಾಗಿ ಮಾಡಿದವು, ಇಂದಿನ ಹೊಗೆರಹಿತ ಮದ್ದಿನ ತೋಟೆಯನ್ನು ಅದರಲ್ಲಿ ಹಾಕಲೇಬಾರದು. ನೋಡಲು ಎಷ್ಟೇ ಚೆಂದವಿರಲಿ, ಒಂದೇ ಬಂದೂಕು ಕೊಳ್ಳುವವರಿಗೆ ಅದು ಬೇಡ. ಕೊಂಡ ಮೇಲೆ ನಿಗದಿತ ಸಮಯದಲ್ಲಿ ಬಂದೂಕನ್ನು ಹಾಜರುಪಡಿಸಿ ಕ್ರಮಾಂಕವನ್ನು ಪರವಾನಗಿಯಲ್ಲಿ ನಮೂದಿಸಿಕೊಳ್ಳಿ.

ಹಂತ 7: ತೋಟೆ

ಎಷ್ಟು ತೋಟೆ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ಪರವಾನಗಿಯಲ್ಲೇ ಬರೆದಿರುತ್ತದೆ. ತೋಟೆಯ ಮೇಲಿನ ಸಂಖ್ಯೆ ದೊಡ್ಡದಾದಷ್ಟೂ ಒಳಗಿನ ಚರೆ ಚಿಕ್ಕದು. ಎಲ್‌ಜಿ, ಎಸ್‌ಜಿ ಎಂದು ಬರೆದವು ದಪ್ಪ ಗುಂಡಿನವು. ದಪ್ಪ ಗುಂಡು ಹೆಚ್ಚು ದೂರ ಹೋಗುತ್ತದೆ, ಕರಿಕಲ್ಲಿಗೆ ಬಡಿದು ದಿಕ್ಕು ಬದಲಿಸುತ್ತದೆ. ನಿಂತ ಕಬ್ಬಿನೊಳಗೆ ಸದ್ದಾಯಿತೆಂದು ಯಾವ ತೋಟೆಯನ್ನೂ ಹಾರಿಸಬೇಡಿ. ಕಟಾವಿನ ಕಾಲದಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರು, ಅವರ ಮಕ್ಕಳು ಆ ಸಾಲುಗಳ ನಡುವೆಯೇ ಇರುತ್ತಾರೆ.

12 ಬೋರ್ ಇರುವ ಮನೆಯಲ್ಲಿ 20 ಬೋರ್ ತೋಟೆ ಒಂದೂ ಇರಬಾರದು. ಅದು 12 ಬೋರ್ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಗೂಡು ಖಾಲಿ ಕಂಡು ಇನ್ನೊಂದು ತೋಟೆ ಹಾಕಿ ಹಾರಿಸಿದರೆ ನಳಿಗೆ ಎಡಗೈಯ ಬಳಿಯಲ್ಲೇ ಸಿಡಿಯುತ್ತದೆ. ಇದಕ್ಕಾಗಿಯೇ 20 ಬೋರ್ ತೋಟೆಯನ್ನು ಹಳದಿ ಬಣ್ಣದಲ್ಲಿ ಮಾಡುವ ರೂಢಿ ಇದೆ. ಒದ್ದೆಯಾದ, ಊದಿಕೊಂಡ ಹಳೆಯ ಕಾಗದದ ತೋಟೆಗಳನ್ನು ಬಳಸದೆ ಅಂಗಡಿಗೆ ಅಥವಾ ಠಾಣೆಗೆ ಒಪ್ಪಿಸಿ.

ಹಂತ 8: ಪೆಟ್ಟಿಗೆ ಮತ್ತು ಆರೈಕೆ

ಒಟ್ಟು ಹಣದಲ್ಲಿ ಹತ್ತರಲ್ಲಿ ಎರಡು ಭಾಗವನ್ನಾದರೂ ಉಕ್ಕಿನ ಪೆಟ್ಟಿಗೆಗೆ ತೆಗೆದಿಡಿ. ಉದ್ದನೆಯ ಕಪಾಟನ್ನು ಗೋಡೆಗೆ ಬೋಲ್ಟಿನಿಂದ ಬಿಗಿಸಬೇಕು, ತೋಟೆಗೆ ಬೇರೆ ಬೀಗದ ಬೇರೆ ಪೆಟ್ಟಿಗೆ ಇರಬೇಕು. ಕೀಲಿಯನ್ನು ದೇವರ ಜಗಲಿಯ ಗೂಟಕ್ಕೆ ತೂಗುಹಾಕುವುದು ನಮ್ಮಲ್ಲಿ ಬಹಳ ಕಡೆ ಇರುವ ರೂಢಿ. ಮನೆಯ ಮಕ್ಕಳಿಗೆ ಮೊದಲು ತಿಳಿಯುವ ಜಾಗವೇ ಅದು.

ಖಾನಾಪುರದ ಮಳೆಗಾಲದಲ್ಲಿ ಒಂದು ವಾರದಲ್ಲೇ ನಳಿಗೆ ತುಕ್ಕು ಹಿಡಿಯುತ್ತದೆ. ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ತೇವ ಹಿಡಿಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅದು ಚಳಿಗೆ ಗಟ್ಟಿಯಾಗಿ ಒಳಭಾಗಗಳನ್ನು ಹಿಡಿದು ನಿಲ್ಲಿಸುತ್ತದೆ. ಹೊಲಿಗೆ ಯಂತ್ರದ ತೆಳು ಎಣ್ಣೆ ಸಾಕು. ಕರಿಮದ್ದು ಬಳಸಿದ ಬಂದೂಕನ್ನು ಅದೇ ದಿನ ಬಿಸಿನೀರು, ಸಾಬೂನಿನಿಂದ ತೊಳೆದು ಪೂರ್ತಿ ಒಣಗಿಸಿ ಎಣ್ಣೆ ಸವರಬೇಕು. ಖಂಡೆ ಪೂಜೆಗೆ ಬಂದೂಕು ಇಡುವವರು ತೋಟೆಯನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ; ಅರಿಸಿನ ಕುಂಕುಮವನ್ನು ಮರದ ಭಾಗಕ್ಕೆ ಮಾತ್ರ ಹಚ್ಚಿ, ಸಂಜೆಯೇ ಒರೆಸಿ.

ಪ್ರತಿ ಸಲ ಕೈಗೆತ್ತಿಕೊಂಡಾಗ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ನಮ್ಮ ಮನೆಯ ಬಂದೂಕನ್ನು ಎರಡು ತಿಂಗಳು ಮುಟ್ಟದೆ ಬಿಟ್ಟಾಗ ಕಣಜವೊಂದು ನಳಿಗೆಯೊಳಗೆ ಮಣ್ಣಿನ ಗೂಡು ಕಟ್ಟಿತ್ತು. ನೋಡದೆ ಹಾರಿಸಿದ್ದರೆ ನಳಿಗೆ ಉಳಿಯುತ್ತಿರಲಿಲ್ಲ, ಹಾರಿಸಿದವರ ಕೈಯೂ ಉಳಿಯುತ್ತಿರಲಿಲ್ಲ.

ಹಂತ 9: ಮುಂದಿನ ವರ್ಷಗಳು

ಪರವಾನಗಿಯ ಅವಧಿ ಈಗ 5 ವರ್ಷ. ಮುಗಿಯುವ ದಿನಕ್ಕೆ ಎರಡು ತಿಂಗಳು ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿ, ಆ ದಿನಾಂಕವನ್ನು ಪೆಟ್ಟಿಗೆಯ ಬಾಗಿಲ ಒಳಮೈಗೆ ಬರೆದು ಅಂಟಿಸಿ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು ಸೂಚನೆ ಬಂದರೆ ಒಪ್ಪಿಸಿ, ರಸೀದಿ ಪಡೆಯಿರಿ. ಮರಳಿ ತರುವಾಗ ಕ್ರಮಾಂಕ ಹೋಲಿಸಿಯೇ ಸಹಿ ಮಾಡಿ. ಅಣ್ಣನ ಪರವಾನಗಿಯಲ್ಲಿ ತಮ್ಮ ಬಂದೂಕು ಹಿಡಿದು ಹೊಲಕ್ಕೆ ಹೋಗುವಂತಿಲ್ಲ. ರಿಪೇರಿಗೆ ಅಥವಾ ನವೀಕರಣಕ್ಕೆ ಒಯ್ಯಲು ಮಾತ್ರ ಪರವಾನಗಿದಾರರ ಲಿಖಿತ ಒಪ್ಪಿಗೆಯಿಂದ ಬೇರೆಯವರಿಗೆ ಅವಕಾಶವಿದೆ. ಮದುವೆ, ಜಾತ್ರೆ, ಗೆಲುವಿನ ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ.

ಎರಡನೇ ಬಂದೂಕಿನ ಪ್ರಶ್ನೆಯನ್ನು ಮೊದಲನೆಯದನ್ನು ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಸುಗ್ಗಿ ಬಳಸಿ ನೋಡಿದ ಮೇಲೆ ಎತ್ತಿಕೊಳ್ಳಿ. ಆಗ ಕೊರತೆ ಏನೆಂದು ನಿಮಗೇ ಗೊತ್ತಿರುತ್ತದೆ. ಹೆಚ್ಚಿನವರಿಗೆ ಆ ಹಣ ಹೊಲದ ಸೌರ ಬೇಲಿಗೆ ಹೋಗುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಕ್ರೀಡೆಯಲ್ಲಿ ಆಸಕ್ತಿ ಬೆಳೆದಿದ್ದರೆ 0.22 ರೈಫಲ್ ಯೋಗ್ಯ, ತೋಟೆಯ ಖರ್ಚೂ ಕಡಿಮೆ. ಮನೆಯಲ್ಲಿ ಮುಂದೆ ಬಂದೂಕು ಬೇಕೆನ್ನುವವರು ಯಾರೂ ಇಲ್ಲವಾದರೆ ಪರವಾನಗಿ ಚಾಲ್ತಿಯಲ್ಲಿರುವಾಗಲೇ ಅರ್ಹರಿಗೆ ಮಾರಿ, ಪರವಾನಗಿ ಪುಸ್ತಕದಿಂದ ಆ ಕ್ರಮಾಂಕವನ್ನು ತೆಗೆಸಿ, ತೆಗೆಸಿದ ಆದೇಶದ ಪ್ರತಿಯನ್ನು ಹೊಲದ ಉತಾರದ ಜೊತೆಗೇ ಇಟ್ಟುಕೊಳ್ಳಿ.